ಕುಂಡ ಕೊಳ್ಳುವಾಗ ಚೌಕಾಸಿ ಬೇಕಾ?

ಹೋದ ತಿಂಗಳು ದಾಸವಾಳದ ಗಿಡಕ್ಕೆ ಅಂತ ಎರಡು ಮಣ್ಣಿನ ಕುಂಡ ಕೊಳ್ಳಲು ಹೊರಟೆ. ನಮ್ಮ ಹೊಸಕೋಟೆಯ ರಸ್ತೆ ಬದಿಯಲ್ಲಿ ಒಬ್ಬ ಅಜ್ಜಿ ಕುಂಡಗಳನ್ನು ಹರಡಿಕೊಂಡು ಕೂತಿದ್ದರು. ಅಭ್ಯಾಸಬಲ ನೋಡಿ, "ಬರೀ ಮಣ್ಣಿಗೆ ಇಷ್ಟೊಂದಾ ಅಜ್ಜಿ?" ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಆವಿಗೆಯಲ್ಲಿ ಒಡೆದುಹೋದ ಕುಂಡಕ್ಕೆ ಯಾರು ದುಡ್ಡು ಕೊಡ್ತಾರೆ ಕಣಮ್ಮ?" ಅಂದರು. ನನ್ನ ಬಾಯಿ ಕಟ್ಟಿಹೋಯಿತು.

ನೀವೇ ಯೋಚಿಸಿ. ಕೆರೆಯ ಜೇಡಿಮಣ್ಣು ತಂದು, ಕಲ್ಲು-ಕಸ ತೆಗೆದು, ನೆನೆಸಿ, ತುಳಿದು ಹದ ಮಾಡಬೇಕು. ತಿಗರಿಯ ಮೇಲೆ ರೂಪ ಕೊಟ್ಟು ನೆರಳಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಬಿರುಕು. ಹಸಿ ಉಳಿದರೆ ಸುಡುವಾಗಲೇ ಒಡೆಯುತ್ತೆ. ಮಳೆ ಹಿಡಿದರೆ ಕೆಲಸವೇ ನಿಲ್ಲುತ್ತೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅನ್ನೋ ಗಾದೆ ನಮಗೆಲ್ಲ ಗೊತ್ತು. ನಮ್ಮ ಚೌಕಾಸಿಯೂ ಒಂದು ದೊಣ್ಣೆಯೇ ಅಲ್ವಾ?

ದಕ್ಷಿಣ ಫ್ರಾನ್ಸ್‌ನಲ್ಲಿ ಆಂಡೂಜ್ ಅನ್ನೋ ಊರಿದೆ. ನಿಂಬೆ, ಕಿತ್ತಳೆ ಗಿಡಗಳಿಗಾಗಿ ಅಲ್ಲಿನ ಕುಂಬಾರರು 17ನೇ ಶತಮಾನದಿಂದ ದೊಡ್ಡ ಹೂಕುಂಡ ಮಾಡುತ್ತಾ ಬಂದಿದ್ದಾರೆ. ಕುಂಡದ ಮೇಲೆ ಹೂಮಾಲೆಯ ಅಲಂಕಾರ, ಜೊತೆಗೆ ಮಾಡಿದವರ ಮುದ್ರೆ. ಜನ ಅದನ್ನು ಪರಂಪರೆ ಅಂತ ಹೆಮ್ಮೆಯಿಂದ ಕೊಳ್ಳುತ್ತಾರೆ. ನಮ್ಮ ಬೆಂಗಳೂರಿನ ಪಾಟರಿ ಟೌನ್‌ನಲ್ಲೂ ತಲೆಮಾರುಗಳಿಂದ ತಿಗರಿ ತಿರುಗುತ್ತಿದೆ. ಹಬ್ಬಕ್ಕೆ ಗಣೇಶ, ದೀಪಾವಳಿಗೆ ಹಣತೆ ತರುವ ನಾವು ಮಾಡಿದವರ ಹೆಸರು ಮಾತ್ರ ಕೇಳೋದಿಲ್ಲ.

ಪ್ಲಾಸ್ಟಿಕ್ ಕುಂಡ ಹಗುರ, ಬಿದ್ದರೂ ಒಡೆಯಲ್ಲ, ನಿಜ. ತೂಗುಹಾಕೋಕೆ ಅದೇ ಸರಿ. ಆದರೆ ಮಣ್ಣಿನ ಕುಂಡದ ಗೋಡೆ ಉಸಿರಾಡುತ್ತೆ. ಹೆಚ್ಚಿನ ನೀರು ಆರಿಹೋಗುತ್ತೆ, ಬೇರು ತಂಪಾಗಿರುತ್ತೆ, ಸುಲಭಕ್ಕೆ ಕೊಳೆಯೋದಿಲ್ಲ. ಬೇಸಿಗೆಯಲ್ಲಿ ಮಾತ್ರ ನೀರು ಸ್ವಲ್ಪ ಜಾಸ್ತಿ ಬೇಕು.

ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ. ಟಣ್ ಅಂದರೆ ಚೆನ್ನಾಗಿ ಬೆಂದಿದೆ, ಬಿರುಕಿದ್ದರೆ ಸದ್ದು ಸತ್ತಂತಿರುತ್ತೆ. ಹೊಸ ಕುಂಡವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ. ತಳದ ತೂತಿನ ಮೇಲೆ ಒಡೆದ ಕುಂಡದ ಚೂರಿಡಿ. ಹೊರಗೆ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಅದು ನೀರಿನ ಉಪ್ಪು, ಉಜ್ಜಿದರೆ ಹೋಗುತ್ತೆ.

ಅಂದು ಅಜ್ಜಿ ಕೇಳಿದಷ್ಟೇ ಕೊಟ್ಟು ಬಂದೆ. ಆದರೆ ಅವರ ಹೆಸರು ಕೇಳೋದನ್ನು ನಾನೂ ಮರೆತೆ! ಮುಂದಿನ ಸಲ ಖಂಡಿತ ಕೇಳ್ತೀನಿ. ನೀವೂ ಕೇಳ್ತೀರಿ ತಾನೆ?