ಬಜೆಯಲ್ಲದ ಬಜೆ

ಮಲೆನಾಡಿನ ಮಿತ್ರರೊಬ್ಬರು ಎರಡು ವರ್ಷಗಳ ಹಿಂದೆ ತಮ್ಮ ಹಿತ್ತಲಿನ ಗಡ್ಡೆಯೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು. “ಇದರ ಹೆಸರೇನು?” ಎಂದೆ. “ಬಲು ಚೆಂದದ ಹೂ ಬಿಡುತ್ತದೆ” ಎಂದರು. ಹೆಸರು ಕೇಳಿದವನಿಗೆ ಗುಣವನ್ನು ಹೇಳುವುದು ನಮ್ಮ ಜನರ ಸೌಜನ್ಯ. ನಾನೂ ಮತ್ತೆ ಕೇಳಲಿಲ್ಲ. ಬಾವಿಕಟ್ಟೆಯ ಬಳಿ ನೆಟ್ಟು ಮರೆತೆ.

ಮಳೆ ಬಿದ್ದು ತಿಂಗಳು ಕಳೆಯುವಷ್ಟರಲ್ಲಿ ಕತ್ತಿಯಂಥ ಎಲೆಗಳು ಒಂದರ ಬುಡವನ್ನೊಂದು ಅಪ್ಪಿಕೊಂಡು ಬೀಸಣಿಗೆಯಂತೆ ಹರಡಿದವು. ನೋಡಿದ ತಾಯಿಯವರಿಗೆ ಎಲ್ಲಿಲ್ಲದ ಹಿಗ್ಗು. “ಬಜೆಯಲ್ಲವೇನೋ ಇದು! ಕೂಸಿಗೆ ಬೇಕಾಗಿತ್ತು” ಎಂದರು. ಆಗ ನನ್ನ ಮಗನಿಗೆ ಎಂಟು ತಿಂಗಳು. ನಾನು ತಲೆಯಾಡಿಸಿ ಕಾಲೇಜಿಗೆ ಹೊರಟುಹೋದೆ.

ಸಂಜೆ ಮರಳಿದಾಗ ತಾಯಿಯವರು ತೊಳೆದ ಗಡ್ಡೆಯ ತುಂಡನ್ನು ಹಿಡಿದು ತೇಯುವ ಕಲ್ಲಿನ ಮುಂದೆ ಸುಮ್ಮನೆ ಕುಳಿತಿದ್ದರು. “ಇದಕ್ಕೆ ಬಜೆಯ ವಾಸನೆಯೇ ಇಲ್ಲವಲ್ಲೋ” ಎಂದರು. ತೇಯಲು ಎತ್ತಿದ ಕೈಯನ್ನು ಅವರ ಮೂಗು ತಡೆದಿತ್ತು.

ಮರುವರ್ಷ ಹೂ ಬಿಟ್ಟ ಮೇಲೆ ಗಿಡದ ನಿಜರೂಪ ತಿಳಿಯಿತು. ಆರು ಕಿತ್ತಳೆ ಬಣ್ಣದ ದಳಗಳು, ಅವುಗಳ ಮೇಲೆ ಕೆಂಪು ಚುಕ್ಕೆಗಳು. ಬೆಳಿಗ್ಗೆ ಅರಳಿದ ಹೂ ಸಂಜೆಗೆ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತಿತ್ತು. ಕಾಯಿ ಬಿರಿದಾಗ ಒಳಗೆ ಮಿರಿಮಿರಿ ಮಿಂಚುವ ಕರಿಯ ಬೀಜಗಳ ಗೊಂಚಲು. ಇದು ಐರಿಸ್ ಡೊಮೆಸ್ಟಿಕಾ. ಹಿಮಾಲಯದಿಂದ ಚೀನ, ಜಪಾನುಗಳವರೆಗೆ ಕಾಡಿನಲ್ಲಿ ಬೆಳೆಯುವ ಐರಿಸ್. ಐರಿಸ್ ಜಾತಿಯ ಗಡ್ಡೆಗಳು ಹೊಟ್ಟೆ ಸೇರಿದರೆ ವಾಂತಿಭೇದಿ ತರಬಲ್ಲವು. ಎಂಟು ತಿಂಗಳ ಕೂಸಿನ ಪಾಡೇನಾಗುತ್ತಿತ್ತೋ! ಬಜೆಯನ್ನು ಕೂಡ ಶಿಶುಗಳಿಗೆ ಕೊಡಬಾರದೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆಂಬುದು ಬೇರೆ ಮಾತು.

ಈ ಗಿಡ ದೊಡ್ಡವರನ್ನೂ ದಾರಿ ತಪ್ಪಿಸಿದೆ. 1753ರಲ್ಲಿ ಲಿನೇಯಸ್ ಮಹಾಶಯನು ಒಂದೇ ಗ್ರಂಥದಲ್ಲಿ ಇದಕ್ಕೆ ಎರಡು ಹೆಸರುಗಳನ್ನಿಟ್ಟ. ಒಂದರಲ್ಲಿ ಇದನ್ನು ಸೀತಾಳೆಯ ಬಳಗಕ್ಕೇ ಸೇರಿಸಿಬಿಟ್ಟಿದ್ದ! ಆಮೇಲೆ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿದ್ದ ಮಲಬಾರಿನ ಹೆಸರೇ ತಿರುಗಿ ಬೆಲಂಕಂಡ ಎಂದಾಯಿತು. 2005ರಲ್ಲಿ ಮಾತ್ರ ಇದು ಐರಿಸ್ ಕುಲಕ್ಕೆ ಸೇರಿತು. ಯುರೋಪಿನ ಹಳದಿ ಐರಿಸ್ಸಿನ ಶಾಸ್ತ್ರೀಯ ನಾಮಕ್ಕಂತೂ ‘ಹುಸಿಬಜೆ’ ಎಂದೇ ಅರ್ಥ. ಎಡವಿದವನು ನಾನೊಬ್ಬನೇ ಅಲ್ಲವೆಂದು ಸಮಾಧಾನ.

ವಾಚಕರು ಗುರುತಿಡಬೇಕಾದದ್ದು ಇಷ್ಟು. ಎಲೆಯನ್ನು ಹೊಸಕಿ ಮೂಸಿರಿ: ಬಜೆಯಾದರೆ ಕಟುವಾದ ಪರಿಮಳ, ಐರಿಸ್ ಆದರೆ ಬರಿಯ ಹುಲ್ಲಿನ ವಾಸನೆ. ಬಜೆಯ ಹೂ ದಳಗಳು ಕಾಣದ, ಬೆರಳಿನಂಥ ಹಸಿರು ತೆನೆ. ಬಜೆ ಕೆಸರನ್ನು ಬಯಸುತ್ತದೆ. ಈ ಐರಿಸ್ ಬಿಸಿಲನ್ನೂ ನೀರು ಬಸಿದುಹೋಗುವ ಮಣ್ಣನ್ನೂ ಬಯಸುತ್ತದೆ. ಬಾವಿಕಟ್ಟೆಯ ಕೆಸರಿನಲ್ಲಿ ನನ್ನ ಗಡ್ಡೆ ಅರ್ಧ ಕೊಳೆತದ್ದೇ ಒಂದು ಸೂಚನೆಯಾಗಿತ್ತು, ನಾನು ಓದಿಕೊಳ್ಳಲಿಲ್ಲ. ಕಾಶ್ಮೀರ, ಕುಮಾವೂನುಗಳ ಐರಿಸ್‌ಗಳಿಗೆ ಚಳಿಗಾಲ ಬೇಕು. ನಮ್ಮ ಬಯಲುಸೀಮೆಯ ಅಂಗಳಕ್ಕೆ ಒಗ್ಗುವುದು ಇದೇ.

ಗಡ್ಡೆಯನ್ನು ಒಂದಂಗುಲಕ್ಕಿಂತ ಆಳದಲ್ಲಿ ಹೂಳಬೇಡಿ. ಹೊಸ ಬೀಜವನ್ನೇ ಬಿತ್ತಿ. ಮೊಳೆಯಲು ವಾರಗಳು ಹಿಡಿಯಬಹುದು, ಹೂ ಸಾಮಾನ್ಯವಾಗಿ ಎರಡನೆಯ ವರ್ಷ. ಗುಂಪು ದಟ್ಟವಾದಾಗ ಗಡ್ಡೆಯನ್ನು ಬಿಡಿಸಿ ನೆರೆಯವರಿಗೆ ಕೊಡಿ. ಕಾಡಿನಿಂದ ಮಾತ್ರ ಗಡ್ಡೆಯನ್ನು ಕೀಳಬೇಡಿ. ಕೊಡುವಾಗ ಹೆಸರನ್ನು ಬರೆದೇ ಕೊಡಿ, ‘ತಿನ್ನಬಾರದು’ ಎಂಬ ಮಾತನ್ನೂ ಸೇರಿಸಿ.

ಈಗ ನಮ್ಮ ಗಿಡದ ಬುಡದಲ್ಲಿ ಒಂದು ಹಲಗೆಯಿದೆ. ಅದರ ಮೇಲಿನ ಅಕ್ಷರಗಳು ನನ್ನವು, ಗುರುತು ತಾಯಿಯವರದು. ಎಂ.ಎ. ಓದಿದ ನನಗೆ ಪದ ಗೊತ್ತಿತ್ತು. ಅವರಿಗೆ ಪದಾರ್ಥ ಗೊತ್ತಿತ್ತು.