ಮೂಕ ಸಂಗಾತಿಗೊಂದು ಪೆಟ್ಟಿಗೆ

ರಜೆಯ ದಿನಗಳಲ್ಲಿ ಹಲಸೂರಿನ ಕೆಲವರು ತಮ್ಮ ನಾಯಿಗಳೊಡನೆ ಹಳೆಯ ಮದ್ರಾಸು ರಸ್ತೆ ಹಿಡಿದು, ಕೃಷ್ಣರಾಜಪುರವನ್ನು ದಾಟಿ, ಹೊಸಕೋಟೆಯ ಕಡೆಯ ಬಯಲಿಗೆ ಹೊರಡುವುದುಂಟು. ಬುತ್ತಿ, ನೀರು, ಕೊಡೆ ಎಲ್ಲವೂ ಚೀಲವನ್ನು ಸೇರುತ್ತವೆ. ಆದರೆ ಜೊತೆಗೆ ಬರುವ ನಾಯಿಗೆ ಗಾಯವಾದರೆ ಗತಿಯೇನೆಂದು ಯೋಚಿಸುವವರು ವಿರಳ. ಇದು ಕೇವಲ ಮರೆವಲ್ಲ, ಕರ್ತವ್ಯಲೋಪವೆಂದೇ ನನ್ನ ಅಭಿಪ್ರಾಯ.

ಪ್ರವಾಸದ ನಿರ್ಧಾರ ನಾಯಿಯದಲ್ಲ, ನಮ್ಮದು. ತನ್ನ ನೋವನ್ನು ಮಾತಿನಲ್ಲಿ ಹೇಳುವ ಶಕ್ತಿಯೂ ಅದಕ್ಕಿಲ್ಲ. ಮಹಾಭಾರತದ ಧರ್ಮರಾಯನು ನಂಬಿ ಬಂದ ನಾಯಿಯನ್ನು ತೊರೆದು ಸ್ವರ್ಗಕ್ಕೂ ಬರಲೊಲ್ಲೆನೆಂದನು. ನಮ್ಮಿಂದ ಅಂತಹ ತ್ಯಾಗವನ್ನು ಯಾರೂ ಬೇಡುತ್ತಿಲ್ಲ. ಒಂದು ಪುಟ್ಟ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಸಾಕು.

ಅದರಲ್ಲಿ ರಕ್ತಸ್ರಾವವನ್ನು ಒತ್ತಿ ನಿಲ್ಲಿಸಲು ಶುಭ್ರವಾದ ಬಟ್ಟೆ ಹಾಗೂ ಬ್ಯಾಂಡೇಜು ಇರಲಿ. ಮುಳ್ಳನ್ನೂ ಉಣ್ಣಿಯನ್ನೂ ಕೀಳಲು ಚಿಮಟವಿರಲಿ. ಉಣ್ಣಿಯನ್ನು ಚರ್ಮದ ಸಮೀಪದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ನೋವಿನಲ್ಲಿ ಸಾಧುವಾದ ನಾಯಿಯೂ ಒಡೆಯನನ್ನೇ ಕಚ್ಚಬಹುದು. ಆದುದರಿಂದ ಬಾಯಿ ಕಟ್ಟಲು ಉದ್ದನೆಯ ಬಟ್ಟೆಪಟ್ಟಿಯೂ ಬೇಕು. ಆದರೆ ವಾಂತಿ ಮಾಡುವ ಅಥವಾ ಏದುಸಿರು ಬಿಡುವ ನಾಯಿಗೆ ಅದನ್ನು ಕಟ್ಟಲಾಗದು. ಸಾಬೂನನ್ನೂ ಮರೆಯಬಾರದು. ಮನುಷ್ಯನಿಗೆ ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು, ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಏನನ್ನು ಇಡಬಾರದೆಂಬುದನ್ನು ಅರಿಯುವುದೂ ಅಷ್ಟೇ ಮುಖ್ಯ. ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ಅರಿವಿಲ್ಲದ ಪ್ರೀತಿಯೂ ಪ್ರಾಣ ತೆಗೆಯಬಹುದು! ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಸಲ್ಲದು. ನಾಯಿಯನ್ನು ನಡೆಸದೆ ಎತ್ತಿಕೊಂಡು ಪಶುವೈದ್ಯರ ಬಳಿಗೆ ಧಾವಿಸಬೇಕು. ನಾಯಿ ಮುಖ್ಯವಾಗಿ ಏದುಸಿರಿನಿಂದಲೇ ಮೈಯ ಬಿಸಿಯನ್ನು ಕಳೆದುಕೊಳ್ಳುತ್ತದೆ. ಬಿಸಿಲಿನಿಂದ ಬಳಲಿದಾಗ ನೆರಳಿಗೊಯ್ದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸಬೇಕು.

"ನಾಯಿಯ ಗಾಯಕ್ಕೆ ಅದರ ನಾಲಗೆಯೇ ಮದ್ದು" ಎಂದು ಕೆಲವರು ನಗಬಹುದು. ನೆಕ್ಕುವುದರಿಂದ ಬಾಯಿಯ ರೋಗಾಣುಗಳು ಗಾಯವನ್ನು ಸೇರುತ್ತವೆ, ಮಾಯುವುದು ತಡವಾಗುತ್ತದೆ. ಹಾಗೆಂದು ಪೆಟ್ಟಿಗೆಯೇ ವೈದ್ಯನಲ್ಲ. ಅದು ವೈದ್ಯರನ್ನು ತಲಪುವವರೆಗಿನ ಆಸರೆ ಮಾತ್ರ. ಆದುದರಿಂದ ಹೋಗುವ ದಾರಿಯ ಪಶುವೈದ್ಯಾಲಯದ ವಿಳಾಸವನ್ನೂ ಲಸಿಕೆಯ ಚೀಟಿಯನ್ನೂ ಅದರೊಳಗೆ ಇಡಬೇಕು.

ನಾಯಿಯ ನಿಷ್ಠೆಯನ್ನು ನಾವು ಬಾಯ್ತುಂಬ ಹೊಗಳುತ್ತೇವೆ. ಆ ನಿಷ್ಠೆಗೆ ನಾವು ತೋರುವ ಪ್ರತಿನಿಷ್ಠೆ ಯಾವುದು? ಹೊರಡುವ ಮುನ್ನ ಸಿದ್ಧಪಡಿಸಿದ ಆ ಪುಟ್ಟ ಪೆಟ್ಟಿಗೆಯೇ ಅದಕ್ಕೆ ಉತ್ತರವಾಗಲಿ.