‘ಸ್’ ಅಂತ್ಯದ ಹೆಸರುಗಳು: ಲೆಕ್ಕದ ಎಚ್ಚರ ಬರಹದಲ್ಲೂ ಇರಲಿ

ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂದಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪೇಟೆಗಳ ಫಲಕಗಳಲ್ಲಿ ಟ್ರೇಡರ್ಸ್, ಬ್ರದರ್ಸ್, ಸನ್ಸ್, ಇಂಡಸ್ಟ್ರೀಸ್ ಎಂಬ ಪದಗಳು ಸರ್ವೇಸಾಮಾನ್ಯ. ಫಲಕದ ಮೇಲೆ ತೊಡಕಿಲ್ಲದ ಈ ‘ಸ್’, ರಸೀದಿ ಹಾಗೂ ಕರಾರುಪತ್ರಗಳ ಕನ್ನಡ ವಾಕ್ಯದೊಳಗೆ ಬಂದೊಡನೆ ಗೊಂದಲ ಹುಟ್ಟಿಸುತ್ತದೆ. ಒಂದೇ ಅಂಗಡಿಯ ಹೆಸರು ಒಂದು ಕಾಗದದಲ್ಲಿ ‘ಟ್ರೇಡರ್ಸಿನ’, ಇನ್ನೊಂದರಲ್ಲಿ ‘ಟ್ರೇಡರ್ಸ್‌ನ’, ಮತ್ತೊಂದರಲ್ಲಿ ‘ಟ್ರೇಡರ್ಸ್‌ಗಳ’ ಎಂದಾಗುವುದುಂಟು.

ಇವುಗಳಲ್ಲಿ ಕೊನೆಯದು ಸಲ್ಲದು. ಇಲ್ಲಿನ ‘ಸ್’ ಇಂಗ್ಲಿಷಿನ ಬಹುವಚನದ ಗುರುತು. ಅದರ ಮೇಲೆ ‘ಗಳು’ ಸೇರಿಸಿದರೆ ಬಹುವಚನಕ್ಕೆ ಮತ್ತೆ ಬಹುವಚನವಾಗುತ್ತದೆ. ಮೇಲಾಗಿ, ಇರುವ ಅಂಗಡಿ ಒಂದೇ. ‘ಟ್ರೇಡರ್ಸಿನ’ ಎಂಬುದು ಬಸ್ಸಿನ, ಆಫೀಸಿನ ಎಂಬಂತೆ ಕನ್ನಡದ ಜಾಯಮಾನಕ್ಕೆ ಒಪ್ಪುವ ರೂಪವೇ. ಆದರೆ ಅದರಲ್ಲಿ ನೋಂದಾಯಿತ ಹೆಸರು ಎಲ್ಲಿ ಮುಗಿಯಿತು, ಪ್ರತ್ಯಯ ಎಲ್ಲಿ ಮೊದಲಾಯಿತು ಎಂಬುದು ಕಣ್ಣಿಗೆ ಕಾಣದು. ಮಾತಿನಲ್ಲಿ ಅದು ಸಲ್ಲುತ್ತದೆ. ದಸ್ತಾವೇಜಿಗೆ ‘ಟ್ರೇಡರ್ಸ್ ಸಂಸ್ಥೆಯ’ ಎಂಬುದೇ ಲೇಸು.

ವ್ಯಕ್ತಿನಾಮಗಳಲ್ಲಿ ತೊಡಕು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ‘ಅರು’ ಪ್ರತ್ಯಯ ಬಹುವಚನಕ್ಕೂ ಗೌರವಕ್ಕೂ ಸಲ್ಲುತ್ತದೆ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರು ಒಬ್ಬರೇ ಎಂಬುದು ಸರ್ವವಿದಿತ. ಆದರೆ ಕರಾರುಪತ್ರದಲ್ಲಿ ‘ಅಬ್ಬಾಸರ ಗೋದಾಮು’ ಎಂದು ಬರೆದರೆ ಅದು ಅಬ್ಬಾಸ್ ಎಂಬ ಒಬ್ಬರ ಸ್ವಂತ ಆಸ್ತಿಯೋ, ‘ಅಬ್ಬಾಸ್ ಬ್ರದರ್ಸ್’ ಎಂಬ ಪಾಲುದಾರಿಕೆಯ ಆಸ್ತಿಯೋ ತಿಳಿಯದು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಸಂಸ್ಥೆಯ ಆಸ್ತಿಯನ್ನೂ ಪಾಲುದಾರನ ಸ್ವಂತ ಆಸ್ತಿಯನ್ನೂ ಬೇರೆಬೇರೆಯಾಗಿಯೇ ಕಾಣುತ್ತದೆ. ಪಾಲು ಒಡೆಯುವ ದಿನ, ಸಾಲ ವಸೂಲಿಯ ದಿನ ಈ ಒಂದು ಪ್ರತ್ಯಯವೇ ವಾದಕ್ಕೆ ಎಡೆಗೊಟ್ಟೀತು.

ಪರಿಹಾರಕ್ಕೆ ಖರ್ಚಿಲ್ಲ. ಜಿಎಸ್‌ಟಿ ನೋಂದಣಿ ಹಾಗೂ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನು ಒಂದಕ್ಷರವೂ ಬದಲಿಸದೆ ಬರೆಯಬೇಕು. ಪ್ರತ್ಯಯವನ್ನು ಹೆಸರಿಗೆ ಹಚ್ಚದೆ ಅದರ ಮುಂದಿನ ಪದಕ್ಕೆ ಹಚ್ಚಬೇಕು: ಒಬ್ಬರಾದರೆ ‘ಇಲಿಯಾಸ್ ಅವರ’, ಮನೆತನವಾದರೆ ‘ಇಲಿಯಾಸ್ ಮನೆತನದವರ’, ಅಂಗಡಿಯಾದರೆ ‘ಇಲಿಯಾಸ್ ಟ್ರೇಡರ್ಸ್ ಸಂಸ್ಥೆಯ’. ತೂಕದಲ್ಲಿ ಗುಂಜಿಯ ವ್ಯತ್ಯಾಸವನ್ನೂ ಒಪ್ಪದ ವರ್ತಕರು ತಮ್ಮ ಹೆಸರಿನ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟಾಗಿರುವುದು ಹಿತಕರ.